ಕೈಗಾ, ಕಾಳಿ, ಸೋಲಾರ್, ಕಲ್ಲಿದ್ದಲು: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಜಿಲ್ಲೆಯಲ್ಲಿ ಕರೆಂಟಿನ ಮಾತು ಶುರುವಾದರೆ ಅದು ಅಣೆಕಟ್ಟಿಗೆ, ಕೈಗಾದ ಪರಮಾಣು ಸ್ಥಾವರಕ್ಕೆ, ಕೊನೆಗೆ ಜಗಳಕ್ಕೆ ಹೋಗಿ ನಿಲ್ಲುತ್ತದೆ. ಸಭೆಗಳಲ್ಲಿ, ಪತ್ರಗಳಲ್ಲಿ, ಮದುವೆ ಮನೆಯ ಪಂಕ್ತಿಯಲ್ಲೂ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಇದೆ. ಒಪ್ಪದಿದ್ದರೆ ವಾದ ಮಾಡಿ.

## ಮೊದಲು ತಿಳಿದಿರಬೇಕಾದ್ದು

ಮೆಗಾವ್ಯಾಟ್ ಅಂತಾರೆ, ಯುನಿಟ್ ಅಂತಾರೆ. ಎರಡೂ ಒಂದೇ ಅಲ್ವಾ?

ಅಲ್ಲ. ಈ ಎರಡನ್ನು ಬೆರೆಸಿದ್ದರಿಂದಲೇ ಅರ್ಧ ಜಗಳ ಹುಟ್ಟುವುದು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಗಂಟೆಗೆ ಎಷ್ಟು ಮರ ಹತ್ತಬಲ್ಲ ಅನ್ನುವುದು ಮೆಗಾವ್ಯಾಟ್. ಸಂಜೆ ಅಂಗಳಕ್ಕೆ ಬಂದು ಬಿದ್ದ ಕೊನೆಗಳು ಯುನಿಟ್. ಎಷ್ಟೇ ಚುರುಕಿನವನಾದರೂ ದಿನಕ್ಕೆ ಐದು ಗಂಟೆ ಮಾತ್ರ ಕೆಲಸಕ್ಕೆ ಬಂದರೆ ರಾಶಿ ಸಣ್ಣದೇ.

ಲೆಕ್ಕದಲ್ಲಿ ಹೇಳುವುದಾದರೆ, 1 ಕಿಲೋವ್ಯಾಟ್ ಯಂತ್ರ 1 ಗಂಟೆ ಓಡಿದರೆ 1 ಯುನಿಟ್. ಕೈಗಾ 880 ಮೆಗಾವ್ಯಾಟ್. ನಾಲ್ಕೂ ಘಟಕ ಇಡೀ ದಿನ ಓಡಿದರೆ 2 ಕೋಟಿ ಯುನಿಟ್‌ಗಿಂತ ಸ್ವಲ್ಪ ಜಾಸ್ತಿ. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕು 2,050 ಮೆಗಾವ್ಯಾಟ್. ಕೇಳಲು ಕೈಗಾದ ಎರಡು ಪಟ್ಟಿಗೂ ಜಾಸ್ತಿ, ಆದರೆ ದಿನಕ್ಕೆ ಕೊಡುವುದು ಕೋಟಿ ಯುನಿಟ್‌ನ ಆಸುಪಾಸು. ಸೂರ್ಯ ರಾತ್ರಿ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಪತ್ರಿಕೆಯಲ್ಲಿ "ಇಷ್ಟು ಮೆಗಾವ್ಯಾಟ್ ಯೋಜನೆ" ಅಂತ ಓದಿದಾಗ "ವರ್ಷಕ್ಕೆ ಎಷ್ಟು ಯುನಿಟ್, ಯಾವ ಹೊತ್ತಿಗೆ?" ಅಂತ ಕೇಳಿಕೊಳ್ಳಿ.

ನಮ್ಮ ಜಿಲ್ಲೆಯಲ್ಲಿ ಎಲ್ಲೆಲ್ಲಿ ಕರೆಂಟ್ ಮಾಡ್ತಾರೆ?

ಹೆಚ್ಚಿನದು ಕಾಳಿ ನದಿಯದ್ದು. ಸೂಪಾ ಅಣೆಕಟ್ಟಿನ ಬುಡದಲ್ಲಿ 100 ಮೆಗಾವ್ಯಾಟ್. ಅಲ್ಲಿಂದ ಬಿಟ್ಟ ನೀರು ಬೊಮ್ಮನಹಳ್ಳಿಯಲ್ಲಿ ನಿಂತು, ಸುರಂಗದಲ್ಲಿ ಹಾದು, ಅಂಬಿಕಾನಗರದ ಹತ್ತಿರದ ನಾಗಝರಿಯಲ್ಲಿ 300 ಮೀಟರಿಗೂ ಜಾಸ್ತಿ ಆಳಕ್ಕೆ ಧುಮುಕುತ್ತದೆ. ಅಲ್ಲಿ 900ರ ಹತ್ತಿರ. ಅದೇ ನೀರು ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150 ಕೊಡುತ್ತದೆ. ಕೈಗಾದ ಯಂತ್ರಗಳನ್ನು ತಣ್ಣಗಿಡುವುದೂ ಕದ್ರಾದ ಹಿನ್ನೀರೇ. ಒಂದೇ ನೀರಿಗೆ ಇಷ್ಟೊಂದು ಕೆಲಸ! ದಕ್ಷಿಣಕ್ಕೆ ಹೊನ್ನಾವರ ತಾಲೂಕಿನ ಗೇರುಸೊಪ್ಪದಲ್ಲಿ ಶರಾವತಿಯಿಂದ 240 ಮೆಗಾವ್ಯಾಟ್. ಕೈಗಾದ 880 ಸೇರಿಸಿ ಎಲ್ಲ ಕೂಡಿಸಿದರೆ 2,300 ದಾಟುತ್ತದೆ.

ಇಷ್ಟೊಂದು ಇಲ್ಲೇ ಹುಟ್ಟೂದು, ಮಳೆಗಾಲದಲ್ಲಿ ನಮ್ಮನೇಲೇ ಕತ್ತಲೆ. ಇದ್ಯಾವ ನ್ಯಾಯ ಮಾರಾಯ್ರೆ?

ಸಿಟ್ಟು ಸರಿ, ಆದರೆ ಕಾರಣ ಬೇರೆ. ಕೈಗಾದ ಕರೆಂಟು 400 ಕಿಲೋವೋಲ್ಟ್ ಲೈನಿನಲ್ಲಿ ಧಾರವಾಡದ ನರೇಂದ್ರ, ಹರಿಹರದ ಗುತ್ತೂರಿನ ಕಡೆ ಹೋಗಿ ದೊಡ್ಡ ಜಾಲಕ್ಕೆ ಸೇರುತ್ತದೆ. ಒಮ್ಮೆ ಸೇರಿದ ಮೇಲೆ ಇದು ಕೈಗಾದ್ದು, ಇದು ರಾಯಚೂರಿನದ್ದು ಅಂತ ಇಲ್ಲ. ಆ ದೊಡ್ಡ ಲೈನಿನಿಂದ ನೇರವಾಗಿ ಹಳ್ಳಿಗೆ ತಂತಿ ಎಳೆಯಲು ಬರುವುದಿಲ್ಲ. ಸಬ್‌ಸ್ಟೇಷನ್‌ಗಳಲ್ಲಿ ಇಳಿಸುತ್ತಾ ಇಳಿಸುತ್ತಾ 11 ಕಿಲೋವೋಲ್ಟ್‌ಗೆ ತಂದು, ಊರಿನ ಟಿ.ಸಿ.ಯಿಂದ (ಟ್ರಾನ್ಸ್ಫಾರ್ಮರ್) ಮನೆಗೆ ಕೊಡಬೇಕು.

ನಮ್ಮ ಕತ್ತಲೆ ಇರುವುದು ಆ ಕೊನೆಯ 11 ಕಿಲೋವೋಲ್ಟ್ ಲೈನಿನಲ್ಲಿ. ಕಾಡಿನ ನಡುವೆ, ತೋಟದ ಅಂಚಿನಲ್ಲಿ, ಎಷ್ಟೋ ಕಿಲೋಮೀಟರ್ ಹೋದರೆ ನಾಲ್ಕು ಮನೆ. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಇಡೀ ಫೀಡರ್ ಆಫ್. ಕೊಡೆ ಹಿಡಿದು ಲೈನ್‌ಮನ್ ಆ ಮರ ಹುಡುಕುವಷ್ಟರಲ್ಲಿ ಎರಡು ದಿನ. ಜಿಲ್ಲೆಗೆ ಇನ್ನೊಂದು ಕೈಗಾ ಬಂದರೂ ಈ ಕತ್ತಲೆ ಹೋಗುವುದಿಲ್ಲ. ಹೊದಿಕೆ ಇರುವ ತಂತಿ, ಕೆಲವು ಕಡೆ ನೆಲದಡಿಯ ಕೇಬಲ್, ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯಿಂದ ಕೊಡುವ ವ್ಯವಸ್ಥೆ, ಸಾಕಷ್ಟು ಲೈನ್‌ಮನ್‌ಗಳು: ನಾವು ಕೇಳಬೇಕಾದ್ದು ಇವನ್ನು. ಉತ್ಪಾದನೆಗೆ ಬೆಟ್ಟ ಕೊಟ್ಟ ಜಿಲ್ಲೆಗೆ ಇಷ್ಟನ್ನಾದರೂ ಮೊದಲು ಕೊಡಬೇಕಿತ್ತು ಅನ್ನುವುದು ನನ್ನ ಮಾತು.

ಗೃಹಜ್ಯೋತಿಲಿ ಬಿಲ್ಲೇ ಬರೂದಿಲ್ಲ. ಯಾವುದ್ರಿಂದ ಬಂದ್ರೆ ನಮ್ಗೇನು?

ನಿಮ್ಮ ಬಿಲ್ಲು ಸೊನ್ನೆಯಾದರೂ ಆ ಹಣವನ್ನು ಸರ್ಕಾರ ಕಟ್ಟುತ್ತದೆ, ನಿಮ್ಮ ತೆರಿಗೆಯಿಂದಲೇ. ಅಷ್ಟೇ ಅಲ್ಲ, ಹಳೇ ಸರಾಸರಿಗಿಂತ ಸ್ವಲ್ಪ ಜಾಸ್ತಿಯಷ್ಟು, ಒಟ್ಟು 200 ಯುನಿಟ್‌ವರೆಗೆ ಮಾತ್ರ ಉಚಿತ. ಅಡಿಕೆ ಸುಲಿಯುವ ಯಂತ್ರಕ್ಕೆ, ಅಂಗಡಿಗೆ, ಮೀನಿನ ಐಸ್ ಪ್ಲಾಂಟಿಗೆ ಇದು ಅನ್ವಯಿಸುವುದಿಲ್ಲ.

## ಒಂದಕ್ಕೊಂದು ಹೋಲಿಸಿದರೆ

ಎಲ್ಲಕ್ಕಿಂತ ಅಗ್ಗದ ಕರೆಂಟ್ ಯಾವುದು? ಒಂದೇ ಮಾತಲ್ಲಿ ಹೇಳಿ.

ಮಧ್ಯಾಹ್ನ 12ಕ್ಕೆ ಸೋಲಾರ್. ಸಂಜೆ 7ಕ್ಕೆ ಹಳೇ ಅಣೆಕಟ್ಟು. ಒಂದೇ ಮಾತು ಕೇಳಿದಿರಿ, ಎರಡು ಕೊಟ್ಟೆ. ಯಾಕೆಂದರೆ ಹೊತ್ತು ಹೇಳದೆ ಬೆಲೆ ಹೇಳಿದರೆ ಅರ್ಥವೇ ಇಲ್ಲ.

2020ರ ಡಿಸೆಂಬರಿನಲ್ಲಿ ಗುಜರಾತಿನ ಒಂದು ಹರಾಜಿನಲ್ಲಿ ಸೋಲಾರ್ ಕರೆಂಟು ಯುನಿಟ್‌ಗೆ 1 ರೂಪಾಯಿ 99 ಪೈಸೆಗೆ ಇಳಿದಿತ್ತು. ಹೊಸ ಕಲ್ಲಿದ್ದಲು ಸ್ಥಾವರ ಆ ಬೆಲೆಯ ಹತ್ತಿರಕ್ಕೂ ಬರಲಾರದು. ಆದರೆ ಎಲ್ಲರ ಮನೆಯ ದೀಪ, ಮಿಕ್ಸಿ, ಟಿವಿ ಒಟ್ಟಿಗೆ ಶುರುವಾಗುವ ಹೊತ್ತಿಗೆ ಸೂರ್ಯ ಕಡಲಿಗೆ ಇಳಿದಿರುತ್ತಾನೆ. ಆಗ ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಬೆಲೆ ಎಷ್ಟೋ ಸಲ ಯುನಿಟ್‌ಗೆ 10 ರೂಪಾಯಿಯ ಮಿತಿಯನ್ನೇ ಮುಟ್ಟುತ್ತದೆ. ನಾಗಝರಿಯಂಥ ಹಳೇ ಪವರ್‌ಹೌಸಿನ ಸಾಲ ಎಂದೋ ತೀರಿದೆ, ಇಂಧನಕ್ಕೆ ದುಡ್ಡಿಲ್ಲ, ಕೆಲವೇ ನಿಮಿಷದಲ್ಲಿ ಶುರು ಮಾಡಬಹುದು. ಸಂಜೆಗೆ ಅದಕ್ಕೆ ಸಾಟಿಯಿಲ್ಲ.

ಕಲ್ಲಿದ್ದಲಿಗೆ ಎಲ್ರೂ ಬೈತಾರೆ. ಮತ್ತೆ ಯಾಕೆ ಸುಡ್ತಾರೆ?

ಕರೆದಾಗ ಬರುತ್ತದೆ, ಅದಕ್ಕೆ. ಮಳೆ ಕೈಕೊಟ್ಟ 2023ರಲ್ಲಿ ಜಲಾಶಯಗಳು ತುಂಬಲಿಲ್ಲ. ರಾಜ್ಯ ಹೊರಗಿನಿಂದ ಕರೆಂಟು ತರಬೇಕಾಯಿತು, ರಾಯಚೂರು, ಬಳ್ಳಾರಿ, ಯರಮರಸ್ ಸ್ಥಾವರಗಳ ಮೇಲೆ ಭಾರ ಬಿತ್ತು. ಅಂಥ ವರ್ಷದಲ್ಲಿ ಕಲ್ಲಿದ್ದಲಿಗೆ ಬೈಯುತ್ತಲೇ ಅದರ ಬೆಳಕಿನಲ್ಲಿ ಕೂತಿರುತ್ತೇವೆ.

ಬೆಲೆ ಏನು? ನಮ್ಮ ದೇಶದ ಕಲ್ಲಿದ್ದಲಾದರೆ ಒಂದು ಯುನಿಟ್‌ಗೆ ಮುಕ್ಕಾಲು ಕೆಜಿಗೆ ಹತ್ತಿರ ಸುಡಬೇಕು. ಅದರಲ್ಲಿ ಮೂರನೇ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ. ಹೊಗೆಯಲ್ಲಿ ಗಂಧಕ, ಸಣ್ಣ ದೂಳು, ಸ್ವಲ್ಪ ಪಾದರಸ. ಹೊರದೇಶದ ಕಲ್ಲಿದ್ದಲಿನಲ್ಲಿ ಬೂದಿ ಕಡಿಮೆ. ಅದನ್ನು ಹಡಗಿನಲ್ಲಿ ತರುವುದರಿಂದ ಅಂಥ ಸ್ಥಾವರಗಳು ಕಡಲ ತೀರವನ್ನೇ ಹುಡುಕುತ್ತವೆ. ಉಡುಪಿ ಜಿಲ್ಲೆಯ 1,200 ಮೆಗಾವ್ಯಾಟ್ ಸ್ಥಾವರ ಬಂದದ್ದು ಹಾಗೆ.

ಅಘನಾಶಿನಿ ನದಿ ಕಡಲು ಸೇರುವ ನಮ್ಮ ತದಡಿಗೂ 4,000 ಮೆಗಾವ್ಯಾಟಿನ ಪ್ರಸ್ತಾಪ ಬಂದಿತ್ತು ಅನ್ನುವುದು ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಅಷ್ಟು ದೊಡ್ಡ ಸ್ಥಾವರ ದಿನಕ್ಕೆ 30-40 ಸಾವಿರ ಟನ್ ಕಲ್ಲಿದ್ದಲು ತಿನ್ನುತ್ತದೆ, ಬಿಸಿ ನೀರನ್ನು ಮತ್ತೆ ಕಡಲಿಗೇ ಬಿಡುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರು, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು, ಸಾಣಿಕಟ್ಟಾದ ಉಪ್ಪಿನಾಗರ, ಮೀನು, ಸಿಗಡಿ ಎಲ್ಲ ಆ ನೀರಿನ ಮೇಲೇ ನಿಂತಿವೆ. ಜನ ಬೇಡ ಅಂದರು, ಯೋಜನೆ ಬಿದ್ದುಹೋಯಿತು. 2024ರಲ್ಲಿ ಅದೇ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಅಂದರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿ ಕಲ್ಲಿದ್ದಲು ಬೇಡ ಅಂದದ್ದು ಸರಿಯೇ. ಆದರೆ ಆ ಕರೆಂಟನ್ನು ರಾಯಚೂರಿನವರು ಬೂದಿ ತಿಂದು ಮಾಡಿಕೊಡಲಿ ಅನ್ನುವುದೂ ನ್ಯಾಯವಲ್ಲ. ಈ ಮಾತು ನಮ್ಮ ಕಡೆ ಯಾರಿಗೂ ಇಷ್ಟವಾಗುವುದಿಲ್ಲ.

ಡ್ಯಾಮಿನ ಕರೆಂಟಲ್ಲಿ ಹೊಗೆ ಇಲ್ಲ, ಬೂದಿ ಇಲ್ಲ. ಅದಕ್ಯಾಕೆ ವಿರೋಧ?

ಸೂಪಾ ಒಂದು ತಾಲೂಕು ಕೇಂದ್ರವಾಗಿತ್ತು. ಪೇಟೆ ನೀರಿನಡಿ ಹೋಯಿತು, ಜನ ರಾಮನಗರಕ್ಕೆ ಬಂದರು, ಕಚೇರಿಗಳು ಜೊಯಿಡಾಕ್ಕೆ. ಮುಳುಗಡೆಯಾದದ್ದು ಗದ್ದೆ ತೋಟ ಮಾತ್ರವಲ್ಲ, ದೇವಸ್ಥಾನ, ಸಂತೆ, ನೆಂಟಸ್ತಿಕೆ ಎಲ್ಲ. ಆ ಲೆಕ್ಕ ಯಾವ ಯುನಿಟ್ ಬೆಲೆಯಲ್ಲೂ ಸೇರಿಲ್ಲ.

ಇದನ್ನು ನೋಡಿದ್ದರಿಂದಲೇ 1980ರ ದಶಕದ ಆರಂಭದಲ್ಲಿ ಬೇಡ್ತಿ ನದಿಗೆ ಅಣೆಕಟ್ಟಿನ ಯೋಜನೆ ಬಂದಾಗ ಶಿರಸಿ, ಯಲ್ಲಾಪುರದ ತೋಟಗಾರರು ಘೋಷಣೆ ಕೂಗಿ ಸುಮ್ಮನಾಗಲಿಲ್ಲ. ವಿಜ್ಞಾನಿಗಳನ್ನು ಕರೆಸಿ, ಮುಳುಗುವ ಅಡಿಕೆ, ಮೆಣಸು, ಕಾಡಿಗೆ ಬೆಲೆ ಕಟ್ಟಿ, ಬರುವ ಕರೆಂಟಿನ ಎದುರು ಇಟ್ಟು ತೋರಿಸಿದರು. ಯೋಜನೆ ನಿಂತಿತು. ವಿರೋಧಿಸುವವರು ಲೆಕ್ಕ ಇಟ್ಟುಕೊಂಡು ಕೂತದ್ದು ಆಗ ಹೊಸದು, ಈಗಲೂ ಅಪರೂಪವೇ.

ಇನ್ನೊಂದು ತೊಂದರೆ ಕೆಳಗಿನವರದ್ದು. 2019ರ ಆಗಸ್ಟಿನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಮನೆಗಳಿಗೆ ನೀರು ನುಗ್ಗಿತು. ಕರೆಂಟಿನವರಿಗೆ ಜಲಾಶಯ ತುಂಬಿರಬೇಕು, ನೆರೆ ತಡೆಯುವವರಿಗೆ ಸ್ವಲ್ಪ ಖಾಲಿ ಇರಬೇಕು. ಈ ಎರಡಕ್ಕೂ ಹೊಂದಾಣಿಕೆ ಆಗುವುದೇ ಇಲ್ಲ.

ಇಷ್ಟು ಹೇಳಿದ ಮೇಲೂ, ಆಗಲೇ ಕಟ್ಟಿದ ಅಣೆಕಟ್ಟು ದೊಡ್ಡ ಆಸ್ತಿ. ಹೊಸದು ಬೇಡ, ಇದ್ದದ್ದನ್ನು ಜಾಣತನದಿಂದ ಬಳಸಿ ಅನ್ನುವ ಪಕ್ಷ ನನ್ನದು.

ಕೈಗಾ ಹತ್ರ ಇರೂದು ಅಪಾಯ ಹೌದಾ, ಅಲ್ವಾ? ನಿಜ ಹೇಳಿ.

ಎರಡು ಘಟನೆ ಮೊದಲು. 1994ರಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ಒಂದು ಘಟಕದ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಒಳಗೆ ಇಂಧನ ಇರಲಿಲ್ಲ. ಮರುವಿನ್ಯಾಸ ಮಾಡಿ ಕಟ್ಟಿದರು. 2009ರಲ್ಲಿ ನೌಕರರು ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರಿಟಿಯಂ ಸೇರಿದ ನೀರು ಬೆರೆತು ಹಲವರನ್ನು ತಪಾಸಣೆಗೆ ಒಳಪಡಿಸಬೇಕಾಯಿತು. ಇವೆರಡನ್ನೂ ಮುಚ್ಚಿಡಬಾರದು. ಹಾಗೆಯೇ ಇಲ್ಲಿನ 1ನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿದ್ದನ್ನೂ ಮರೆಯಬಾರದು. ಸರಿಯಾಗಿ ನೋಡಿಕೊಳ್ಳದ ಯಂತ್ರ ಹಾಗೆ ಓಡುವುದಿಲ್ಲ.

ಜಗತ್ತಿನ ಲೆಕ್ಕದಲ್ಲಿ, ಚೆರ್ನೋಬಿಲ್ ಮತ್ತು ಫುಕುಶಿಮಾ ಸೇರಿಸಿಕೊಂಡೇ, ಅಷ್ಟೇ ಯುನಿಟ್‌ಗೆ ಕಲ್ಲಿದ್ದಲಿನಿಂದ ಆಗುವ ಸಾವು ಪರಮಾಣುವಿಗಿಂತ ನೂರಾರು ಪಟ್ಟು ಜಾಸ್ತಿ. ಕಲ್ಲಿದ್ದಲಿನ ಸಾವು ಸದ್ದಿಲ್ಲದೆ, ಕೆಮ್ಮಿನಲ್ಲಿ ಬರುತ್ತದೆ. ಪರಮಾಣುವಿನದ್ದು ಅಪರೂಪ, ಆದರೆ ಬಂದರೆ ಊರನ್ನೇ ಬಿಡಿಸುತ್ತದೆ. ಜನ ಎರಡನೆಯದಕ್ಕೆ ಹೆಚ್ಚು ಹೆದರುವುದು ದಡ್ಡತನವಲ್ಲ.

ಕೈಗಾದಿಂದ ಸುತ್ತಲಿನವರಿಗೆ ಕಾಯಿಲೆ ಬರುತ್ತದೆ ಅನ್ನುವ ಮಾತು ಬಂದಾಗ ನನ್ನ ಉತ್ತರ ಇಷ್ಟು: ಕಟ್ಟೆಯ ಮೇಲಿನ ಮಾತಿನಿಂದ ಅದು ಹೌದೂ ಆಗುವುದಿಲ್ಲ, ಅಲ್ಲವೂ ಆಗುವುದಿಲ್ಲ. ವರ್ಷಗಟ್ಟಲೆ ದಾಖಲೆ ಇಟ್ಟು ಬೇರೆ ಊರಿನೊಂದಿಗೆ ಹೋಲಿಸಬೇಕು. ಆ ಅಂಕಿಗಳನ್ನು ಕನ್ನಡದಲ್ಲಿ, ಪಂಚಾಯಿತಿಯ ಗೋಡೆಗೆ ಹಾಕಿದರೆ ಅರ್ಧ ಭಯ ಹೋಗುತ್ತದೆ.

ದೇವಬಾಗದಲ್ಲಿ ನಿಂತ್ರೆ ಟೊಪ್ಪಿ ಹಾರಿ ಹೋಗ್ತದೆ. ಗಾಳಿಯಂತ್ರ ಯಾಕೆ ಹಾಕೂದಿಲ್ಲ?

ಟೊಪ್ಪಿ ಹಾರಿಸುವ ಗಾಳಿ ಸಾಕಾಗುವುದಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ, ಅರ್ಧವಾದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ನಮ್ಮ ಕಡಲ ಗಾಳಿ ಹೆಚ್ಚಾಗಿ ಮಧ್ಯಾಹ್ನದ್ದು. ಘಟ್ಟ ದಾಟಿದ ಮೇಲೆ ಗದಗ, ಚಿತ್ರದುರ್ಗದ ಬಯಲಿನಲ್ಲಿ ಅಡ್ಡಿಯಿಲ್ಲದೆ ಬೀಸುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರಾಗಿ. ನಮ್ಮ ಸೋಲಾರ್ ಮಲಗುವ ತಿಂಗಳಲ್ಲೇ ಅಲ್ಲಿನ ರೆಕ್ಕೆಗಳು ತಿರುಗುವುದು ಒಳ್ಳೆಯ ಜೋಡಿ. ಇಲ್ಲಿ ಹಾಕುವುದಾದರೆ ಅಷ್ಟುದ್ದದ ರೆಕ್ಕೆ ಸಾಗಿಸಲು ಕಾಡಿನಲ್ಲಿ ರಸ್ತೆ ಕಡಿಯಬೇಕು. ಬೇಡ.

ಹಾಗಾದ್ರೆ ಭರತಿ-ಇಳಿತ, ಅಲೆ?

ಕಾರವಾರದಲ್ಲಿ ಭರತಿ-ಇಳಿತದ ಅಂತರ ಸುಮಾರು 2 ಮೀಟರ್. ಫ್ರಾನ್ಸಿನ ರಾನ್ಸ್‌ನಲ್ಲಿ 1966ರಿಂದ ಓಡುತ್ತಿರುವ 240 ಮೆಗಾವ್ಯಾಟ್ ಸ್ಥಾವರದಲ್ಲಿ ಅದು ಸರಾಸರಿ 8 ಮೀಟರ್. ಎತ್ತರ ನಾಲ್ಕನೇ ಒಂದಾದರೆ ಶಕ್ತಿ ಹದಿನಾರನೇ ಒಂದು. ಅಲೆಯಿಂದ ಕೇರಳದ ವಿಳಿಂಞದಲ್ಲಿ 1991ರಲ್ಲಿ 150 ಕಿಲೋವ್ಯಾಟಿನ ಪ್ರಯೋಗ ನಡೆದಿತ್ತು, ಮುಂದುವರಿಯಲಿಲ್ಲ.

## ಮನೆಗೆ, ತೋಟಕ್ಕೆ

ನಮ್ಮ ಮಳೆಗೆ ಸೋಲಾರ್ ಹಾಕ್ಸಿದ್ರೆ ದುಡ್ಡು ಹಳ್ಳಕ್ಕೆ ಹಾಕ್ದಂಗೆ ಅಲ್ವಾ?

ಅಲ್ಲ, ಆದರೆ ಎಲ್ಲರಿಗೂ ಲಾಭವಲ್ಲ. 1 ಕಿಲೋವ್ಯಾಟ್ ಹಾಕಿದರೆ ವರ್ಷದ ಸರಾಸರಿ ದಿನಕ್ಕೆ ಸುಮಾರು 4 ಯುನಿಟ್. ಜನವರಿಯಿಂದ ಏಪ್ರಿಲ್‌ವರೆಗೆ ಅದಕ್ಕಿಂತ ಚೆನ್ನ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆಯ ಹೆಚ್ಚು ಪಾಲು ಬೀಳುವ ಜೂನ್-ಜುಲೈಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯುವ ದಿನಗಳಿವೆ.

ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಮೇಲಕ್ಕೆ 78 ಸಾವಿರ ರೂಪಾಯಿ ಸಹಾಯಧನ. ಆದರೆ ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಸೊನ್ನೆಯಾಗಿದ್ದರೆ ಉಳಿಸಲು ದುಡ್ಡೇ ಇಲ್ಲ! ತಿಂಗಳಿಗೆ 200 ಯುನಿಟ್ ದಾಟುವ ಮನೆ, ಹೋಮ್‌ಸ್ಟೇ, ಅಂಗಡಿಗಳಿಗೆ ಲೆಕ್ಕ ಕೂಡುತ್ತದೆ.

ಮಾರುವವರು ಹೇಳದ ಮೂರು ಮಾತು. ಒಂದು, ಲೈನಿಗೆ ಜೋಡಿಸಿದ ಸಾದಾ ಸೋಲಾರ್ ಲೈನ್ ಹೋದ ಕೂಡಲೇ ತಾನೂ ಆಫ್ ಆಗುತ್ತದೆ, ಬಿಸಿಲಿದ್ದರೂ. ಕಂಬದ ಮೇಲಿನ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಈ ವ್ಯವಸ್ಥೆ. ಮಳೆಗಾಲದ ಕತ್ತಲೆಗೆ ಪರಿಹಾರ ಬೇಕಿದ್ದರೆ ಬ್ಯಾಟರಿ ಸೇರುವ ಹೈಬ್ರಿಡ್ ಇನ್ವರ್ಟರ್ ಬೇಕು, ಅದರ ಬೆಲೆ ಬೇರೆ. ಎರಡು, ಒಂದು ತೆಂಗಿನ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಅದರ ಸಾಲಿನ ಉಳಿದವೂ ಸೊರಗುತ್ತವೆ. ತೋಟದ ನಡುವಿನ ಮನೆಯವರು ಮೊದಲು ಇಡೀ ದಿನದ ನೆರಳು ನೋಡಿ. ಮೂರು, ಅಂಕೋಲಾ, ಕಾರವಾರದ ಉಪ್ಪುಗಾಳಿಗೆ ಸಾದಾ ಕಬ್ಬಿಣದ ಚೌಕಟ್ಟು ಬೇಗ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಚೌಕಟ್ಟು, ತುಕ್ಕು ಹಿಡಿಯದ ಸ್ಟೀಲಿನ ಬೋಲ್ಟ್ ಕೇಳಿ ಹಾಕಿಸಿ.

ತೋಟದ ಮೇಲಿನ ಹಳ್ಳದಲ್ಲಿ ಜೂನಿಂದ ಡಿಸೆಂಬರ್‌ವರೆಗೆ ನೀರು. ಸಣ್ಣ ಟರ್ಬೈನ್ ಹಾಕ್ಬಹುದಾ?

ನನಗೆ ಅತಿ ಇಷ್ಟದ ಪ್ರಶ್ನೆ ಇದು. ಹಾಕಬಹುದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಓಡುತ್ತಿವೆ. ಲೈನು ಕೈಕೊಡುವ, ಸೋಲಾರ್ ಮಲಗುವ ತಿಂಗಳಲ್ಲೇ ಹಳ್ಳ ತುಂಬಿ ಹರಿಯುತ್ತದೆ. ಇಷ್ಟು ಚೆನ್ನಾಗಿ ಹೊಂದುವ ಮೂಲ ನಮಗೆ ಇನ್ನೊಂದಿಲ್ಲ.

ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಇಳಿತ, ಇವೆರಡನ್ನೂ ಗುಣಿಸಿ, 9.8ರಿಂದ ಗುಣಿಸಿ. ಸಣ್ಣ ಯಂತ್ರದಲ್ಲಿ ಅರ್ಧ ಸೋರಿಹೋಗುತ್ತದೆ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 10 ಲೀಟರ್, 20 ಮೀಟರ್ ಇಳಿತ ಇದ್ದರೆ ಸುಮಾರು 1,000 ವ್ಯಾಟ್ ಸಿಗುತ್ತದೆ. ಅದು ಹಗಲು ರಾತ್ರಿ ಎನ್ನದೆ ಓಡುವುದರಿಂದ ದಿನಕ್ಕೆ 24 ಯುನಿಟ್, ಅಂದರೆ 6 ಕಿಲೋವ್ಯಾಟ್ ಸೋಲಾರ್ ಕೊಡುವಷ್ಟು! ನೀರು ಅಳೆಯಲು ದಬ್ಬೆಯಲ್ಲಿ ತಿರುಗಿಸಿ ದೊಡ್ಡ ಪಾತ್ರೆ ತುಂಬಲು ಎಷ್ಟು ಸೆಕೆಂಡ್ ಅಂತ ನೋಡಿ. ಆಗಸ್ಟಿನಲ್ಲಿ ಅಳೆದು ಖುಷಿಪಡಬೇಡಿ, ನವೆಂಬರಿನಲ್ಲೂ ಅಳೆಯಿರಿ.

ಯಂತ್ರಕ್ಕಿಂತ ಪೈಪಿನ ಖರ್ಚು ನೋಯಿಸುತ್ತದೆ. ಸಣ್ಣ ಪೈಪು ಹಾಕಿದರೆ ಒತ್ತಡವೆಲ್ಲ ದಾರಿಯಲ್ಲೇ ಹೋಗುತ್ತದೆ. ನೀರು ಹೊಗುವ ಬಾಯಲ್ಲಿ ತರಗೆಲೆ ಕಟ್ಟಿಕೊಳ್ಳುತ್ತದೆ, ಜೋರು ಮಳೆಯಲ್ಲಿ ದಿನಾ ಹೋಗಿ ಬಿಡಿಸಬೇಕು. ಮನೆಯಲ್ಲಿ ದೀಪ ಆರಿಸಿದಾಗ ಉಳಿದ ಕರೆಂಟು ಎಲ್ಲಿಗಾದರೂ ಹೋಗಬೇಕು, ಇಲ್ಲವಾದರೆ ಯಂತ್ರ ಹುಚ್ಚು ವೇಗದಲ್ಲಿ ತಿರುಗುತ್ತದೆ. ಅದನ್ನು ಬಚ್ಚಲ ಹಂಡೆಯ ಹೀಟರಿಗೆ ಕೊಡುವವರು ಜಾಸ್ತಿ. ಬಿಸಿನೀರು ಪುಕ್ಕಟೆ, ಸೌದೆಯೂ ಉಳಿಯಿತು. ಕೆಳಗಿನ ತೋಟದವರ ನೀರಿನ ಪಾಳಿ ಕೆಡದಂತೆ ಮೊದಲೇ ಮಾತಾಡಿಕೊಳ್ಳಿ. ಟರ್ಬೈನ್ ನೀರು ಕುಡಿಯುವುದಿಲ್ಲ, ಹಾಗೇ ಕೆಳಗೆ ಬಿಡುತ್ತದೆ ಅಂತ ಅವರಿಗೆ ತೋರಿಸಿದರೆ ಸಾಕು.

## ಇನ್ನಷ್ಟು ಆಳಕ್ಕೆ

ಪ್ಯಾನೆಲ್ ಮಾಡೂಕೂ ಫ್ಯಾಕ್ಟರಿ ಬೇಕು, ಡ್ಯಾಮಿಗೂ ಸಿಮೆಂಟ್ ಬೇಕು. ಹಾಗಾದ್ರೆ ಎಲ್ಲವೂ ಹೊಗೆಯೇ ಅಲ್ವಾ?

ಎಲ್ಲವೂ ಹೊಗೆ, ಆದರೆ ಒಂದೇ ಪ್ರಮಾಣದ್ದಲ್ಲ. ಗಣಿಯಿಂದ ಗುಜರಿಯವರೆಗೆ ಎಲ್ಲ ಸೇರಿಸಿ ಹವಾಮಾನ ಬದಲಾವಣೆಯ ಅಂತರರಾಷ್ಟ್ರೀಯ ಸಮಿತಿ ಐಪಿಸಿಸಿಯ 2014ರ ವರದಿ ಕೊಟ್ಟ, ಇಂಗಾಲದ ಡೈಆಕ್ಸೈಡ್ ಲೆಕ್ಕದ ನಡುವಣ ಅಂಕಿಗಳು ಒಂದು ಯುನಿಟ್‌ಗೆ ಹೀಗಿವೆ: ಕಲ್ಲಿದ್ದಲು 820 ಗ್ರಾಂ, ಅನಿಲ 490, ಚಾವಣಿ ಸೋಲಾರ್ 41, ಜಲ 24, ಪರಮಾಣು ಮತ್ತು ಗಾಳಿ 12ರ ಆಸುಪಾಸು. ಜಲದ ಅಂಕಿಯನ್ನು ಮಾತ್ರ ಎಚ್ಚರಿಕೆಯಿಂದ ಓದಿ. ನಮ್ಮಂಥ ಬಿಸಿ ನಾಡಿನಲ್ಲಿ ಕಾಡು ಮುಳುಗಿಸಿದರೆ ಕೊಳೆತ ಮರಗಳಿಂದ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಬರುತ್ತದೆ. ಅದು ಜಲಾಶಯದಿಂದ ಜಲಾಶಯಕ್ಕೆ ಬಹಳ ವ್ಯತ್ಯಾಸ.

ಕೈಗಾದಲ್ಲಿ ಇನ್ನೆರಡು ಘಟಕ ಯಾಕೆ? ಇದ್ದದ್ದು ಸಾಕಾಗೂದಿಲ್ವಾ?

5 ಮತ್ತು 6ನೇ ಘಟಕಗಳು ತಲಾ 700 ಮೆಗಾವ್ಯಾಟ್. ಪರವಾಗಿ ಹೇಳುವುದಾದರೆ, ಒಂದು ಕೆಜಿ ನೈಸರ್ಗಿಕ ಯುರೇನಿಯಂನಿಂದ ಇಂಥ ರಿಯಾಕ್ಟರಿನಲ್ಲಿ ಸುಮಾರು 45 ಸಾವಿರ ಯುನಿಟ್ ಬರುತ್ತದೆ. ಅಷ್ಟಕ್ಕೆ ಕಲ್ಲಿದ್ದಲು 30 ಟನ್ ಬೇಕು. ಮಳೆ, ಬಿಸಿಲು, ರಾತ್ರಿ ಯಾವುದಕ್ಕೂ ಅದು ಕಾಯುವುದಿಲ್ಲ. ವಿರುದ್ಧವಾಗಿ ಹೇಳುವುದಾದರೆ, ಒಂದು ಯುನಿಟ್ ಕರೆಂಟು ಮಾಡುವಾಗ ಎರಡು ಯುನಿಟ್‌ಗೂ ಜಾಸ್ತಿ ಶಾಖ ಹೊರಗೆ ಹೋಗಬೇಕು. ಬಳಸಿದ ಇಂಧನವನ್ನು ಸಾವಿರಾರು ವರ್ಷ ಕಾಯಬೇಕು. ಅಷ್ಟೇ ಅಲ್ಲದೆ, ಕೈಗಾ ಒಂದೇ ಹದದಲ್ಲಿ ಓಡಲು ಇಷ್ಟಪಡುವ ಯಂತ್ರ. ಸಂಜೆ ಮಾತ್ರ ಜಾಸ್ತಿ ಕೊಡು ಅಂದರೆ ಅದಕ್ಕಾಗುವುದಿಲ್ಲ. ನನ್ನ ಮಟ್ಟಿಗೆ, ಕಲ್ಲಿದ್ದಲು ಬಿಡಬೇಕಾದರೆ ಪರಮಾಣು ಬೇಕು. ಆದರೆ ಒಂದೇ ಕಣಿವೆಗೆ ನಾಲ್ಕು ಅಣೆಕಟ್ಟು, ಆರು ರಿಯಾಕ್ಟರ್ ಹೊರಿಸುವಾಗ ಒಟ್ಟು ಭಾರದ ಅಧ್ಯಯನ ಆಗಬೇಕು. ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ನೋಡಿ ಒಪ್ಪಿಗೆ ಕೊಟ್ಟರೆ ಆಗುವುದಿಲ್ಲ.

ಶರಾವತಿಲಿ ನೀರನ್ನ ಮೇಲೆ ಎತ್ತಿ ಮತ್ತೆ ಕೆಳಗೆ ಬಿಡ್ತಾರಂತೆ. ಹುಚ್ಚು ಹಿಡ್ದದ್ಯಾ?

ತಂತ್ರದಲ್ಲಿ ಹುಚ್ಚಿಲ್ಲ. ಮಧ್ಯಾಹ್ನ ಸೋಲಾರ್ ಹೆಚ್ಚಾಗಿ ಬೆಲೆ ಬಿದ್ದಾಗ ಗೇರುಸೊಪ್ಪದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಸಂಜೆ ಇಳಿಸಿ 2,000 ಮೆಗಾವ್ಯಾಟ್ ಮಾಡುವುದು. 100 ಯುನಿಟ್ ಹಾಕಿದರೆ 75-80 ವಾಪಸ್. ನಷ್ಟವಾದರೂ, ಎರಡು-ಮೂರು ರೂಪಾಯಿಯ ಕರೆಂಟು ಸಂಜೆಯ ದುಬಾರಿ ಕರೆಂಟಾಗುತ್ತದೆ.

ಜಾಗದ ವಿಷಯದಲ್ಲಿ ನನಗೆ ತಕರಾರಿದೆ. ಅದು ಸಿಂಗಳೀಕದ ಅಭಯಾರಣ್ಯ. ಸುರಂಗ ನೆಲದಡಿ ಇರಬಹುದು, ಆದರೆ ತೆಗೆದ ಕಲ್ಲುಮಣ್ಣು, ರಸ್ತೆ, ಲೈನು ಎಲ್ಲ ಮೇಲೆಯೇ. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ, ಕಾಡು ತುಂಡಾದರೆ ಅದರ ದಾರಿಯೇ ಮುಗಿಯಿತು.

ಪಂಪೇ ಇಲ್ಲದ ಒಂದು ದಾರಿಯೂ ಇದೆ. ಸೂಪಾದಲ್ಲಿ ಸುಮಾರು 147 ಟಿಎಂಸಿ ನೀರು ಹಿಡಿಯುತ್ತದೆ. ಬಿಸಿಲಿರುವ ಹೊತ್ತು ನಾಗಝರಿಯನ್ನು ನಿಲ್ಲಿಸಿ, ಆ ನೀರನ್ನು ಉಳಿಸಿ ಸಂಜೆಗೆ ಓಡಿಸಿದರೆ ಅದೂ ಬ್ಯಾಟರಿಯೇ. ಶೇ 20-25ರ ನಷ್ಟವೂ ಇಲ್ಲ, ಒಂದು ಮರವೂ ಬೀಳುವುದಿಲ್ಲ. ಈಗಾಗಲೇ ಸ್ವಲ್ಪ ಮಟ್ಟಿಗೆ ಹೀಗೆಯೇ ಓಡಿಸುತ್ತಾರೆ. ಇದನ್ನು ಎಲ್ಲಿಯವರೆಗೆ ಎಳೆಯಬಹುದು, ಎಷ್ಟು ಬ್ಯಾಟರಿಯನ್ನು ಸಬ್‌ಸ್ಟೇಷನ್‌ಗಳಲ್ಲಿ ಇಡಬಹುದು ಅಂತ ಲೆಕ್ಕ ಹಾಕಿ, ಆಮೇಲೂ ಸಾಲದಿದ್ದರೆ ಹೊಸ ಸುರಂಗದ ಮಾತು ಬರಲಿ.

ಇವೆಲ್ಲ ಹಳೇದಾದ್ಮೇಲೆ ಏನು ಮಾಡೂದು?

ಜಲಾಶಯದಲ್ಲಿ ಹೂಳು ತುಂಬುತ್ತದೆ. ನಮ್ಮ ಘಟ್ಟದಲ್ಲಿ ಕಾಡು ಇರುವವರೆಗೆ ನಿಧಾನಕ್ಕೆ. ಟರ್ಬೈನ್ ಬದಲಿಸಿದರೆ ಪವರ್‌ಹೌಸಿಗೆ ಮತ್ತೆ ದಶಕಗಳ ಆಯುಷ್ಯ. ರಿಯಾಕ್ಟರನ್ನು ನಿಲ್ಲಿಸಿದ ಮೇಲೂ ದಶಕಗಟ್ಟಲೆ ಕಾವಲು ಬೇಕು. ಮನೆಯ ಚಾವಣಿಯ ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ಗ್ಯಾರಂಟಿ. 2022ರ ಇ-ತ್ಯಾಜ್ಯ ನಿಯಮದಲ್ಲಿ ಪ್ಯಾನೆಲ್‌ಗಳೂ ಸೇರಿವೆ. ಒಡೆದದ್ದನ್ನು ಗುಜರಿಯವನಿಗೆ ಕೊಡಬೇಡಿ, ಹಳ್ಳದ ಬದಿಗೂ ಒಗೆಯಬೇಡಿ. ಕೊಳ್ಳುವಾಗಲೇ ವಾಪಸ್ ತೆಗೆದುಕೊಳ್ಳುವವರು ಯಾರು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.